ದವಡೆ ಮೂಳೆ ಸವೆದಿದ್ದರೆ ಇಂಪ್ಲಾಂಟ್: ಯಾವ ದಾರಿ ಯಾರಿಗೆ?

ಹೋದ ಹಲ್ಲಿನ ಜಾಗದಲ್ಲಿ ದವಡೆ ಮೂಳೆಯೊಳಗೆ ಕೂರಿಸುವ ಟೈಟೇನಿಯಂ ಸ್ಕ್ರೂಗೆ ಇಂಪ್ಲಾಂಟ್ ಅನ್ನುತ್ತಾರೆ, ಅದರ ಮೇಲೆ ಹಲ್ಲು ಕೂರುತ್ತದೆ. ಒಬ್ಬ ಡಾಕ್ಟರು ‘ನಿಮ್ಮ ದವಡೆಯಲ್ಲಿ ಮೂಳೆಯೇ ಇಲ್ಲ, ಇಂಪ್ಲಾಂಟ್ ಆಗಲ್ಲ’ ಅನ್ನುತ್ತಾರೆ. ಇನ್ನೊಬ್ಬರು ‘ಮೂಳೆ ಕಟ್ಟೋಣ, ಹತ್ತು ತಿಂಗಳು ಬೇಕು’ ಅನ್ನುತ್ತಾರೆ. ಮೂರನೆಯ ಕ್ಲಿನಿಕ್‌ನ ಬೋರ್ಡಿನಲ್ಲೇ ‘ಮೂರೇ ದಿನದಲ್ಲಿ ಹಲ್ಲು’ ಎಂದು ಬರೆದಿರುತ್ತದೆ. ಒಂದೇ ಬಾಯಿಗೆ ಮೂರು ಮಾತು. ಯಾರನ್ನು ನಂಬೋದು ಎಂದು ಕೇಳಿ ಬರೆಯುವ ಓದುಗರು ಈಗ ಜಾಸ್ತಿ.

ಮೂವರಲ್ಲಿ ಯಾರೂ ಸುಳ್ಳು ಹೇಳುತ್ತಿರಬೇಕಿಲ್ಲ. ಮೂಳೆ ಕಡಿಮೆ ಇರುವ ದವಡೆಗೆ ದಾರಿಗಳು ಹಲವಿವೆ. ಒಬ್ಬೊಬ್ಬ ಡಾಕ್ಟರಿಗೆ ಒಂದೊಂದು ದಾರಿಯಲ್ಲಿ ಕೈ ಪಳಗಿರುತ್ತದೆ. ಅದನ್ನೇ ಅವರು ಮೊದಲು ಹೇಳುತ್ತಾರೆ. ಆಯ್ಕೆ ಮಾತ್ರ ನಿಮ್ಮದು. ಹಾಗಾಗಿ ಮೊದಲು ಅಳತೆಗೋಲು ಏನು ಅನ್ನೋದನ್ನು ಗಟ್ಟಿ ಮಾಡಿಕೊಳ್ಳೋಣ, ಆಮೇಲೆ ಒಂದೊಂದೇ ದಾರಿ ನೋಡೋಣ.

ಮೊದಲು ಸ್ಕ್ಯಾನ್, ಆಮೇಲೆ ಮಾತು

ಹಲ್ಲು ಕಿತ್ತ ಮೇಲೆ ಅದನ್ನು ಹಿಡಿದಿದ್ದ ಮೂಳೆ ಕರಗತೊಡಗುತ್ತದೆ. ಒಂದು ವರ್ಷದಲ್ಲಿ ಅಗಲ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಬಹುದು. ಅದರಲ್ಲೂ ಜಾಸ್ತಿ ಪಾಲು ಮೊದಲ ಮೂರು ತಿಂಗಳಲ್ಲೇ ಹೋಗುತ್ತದೆ. ಹಲ್ಲಿನ ಸೆಟ್ ಹಾಕಿಕೊಂಡವರಲ್ಲಿ ಕೆಳದವಡೆ ಮೇಲ್ದವಡೆಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು ಸವೆಯುತ್ತದೆ. ‘ಮೇಲಿನ ಸೆಟ್ ಸರಿ ಇದೆ, ಕೆಳಗಿನದು ಮಾತ್ರ ಕುಣಿಯತ್ತೆ’ ಎಂದು ಅಜ್ಜಿಯರು ಹೇಳುವುದು ಇದಕ್ಕೇ.

ಎಷ್ಟು ಮೂಳೆ ಉಳಿದಿದೆ ಎಂದು ಬೆರಳಲ್ಲಿ ಒತ್ತಿ ನೋಡಿ ಹೇಳೋಕೆ ಆಗಲ್ಲ. ಇಡೀ ದವಡೆಯನ್ನು ಒಂದೇ ಚಿತ್ರದಲ್ಲಿ ತೋರಿಸುವ ಒಪಿಜಿ ಎಕ್ಸ್‌ರೇ ಎತ್ತರವನ್ನು ಅಂದಾಜಾಗಿ ತೋರಿಸುತ್ತದೆ, ಅಗಲವನ್ನು ತೋರಿಸಲ್ಲ. ಬೇಕಾದ್ದು ಸಿಬಿಸಿಟಿ ಸ್ಕ್ಯಾನ್. ಅದರಲ್ಲಿ ದವಡೆಯನ್ನು ಅಡ್ಡಡ್ಡ ಕೊಯ್ದ ಹಾಗೆ ಒಂದೊಂದು ಪದರ ಕಾಣುತ್ತದೆ. ಕಂಪ್ಯೂಟರಿನ ಮುಂದೆ ಕೂತು ತೋರಿಸಿ ಅನ್ನಿ. ಮೇಲ್ದವಡೆಯ ಹಿಂಭಾಗದಲ್ಲಿ ಒಂದು ಕಪ್ಪು ಗುಂಡಿ ಕಾಣುತ್ತದೆ, ಅದು ಸೈನಸ್, ಬರೀ ಗಾಳಿ. ಅದರ ತಳದಲ್ಲಿ ಒಂದು ತೆಳು ಬಿಳಿ ಗೆರೆ. ಡಾಕ್ಟರು ಮೌಸ್‌ನಿಂದ ಗೆರೆ ಎಳೆದಾಗ ‘3.8 ಎಂಎಂ’ ಎಂದೋ ‘7 ಎಂಎಂ’ ಎಂದೋ ಬರುತ್ತದೆ. ನಿಮ್ಮ ಮುಂದಿನ ಒಂದು ವರ್ಷ ಮತ್ತು ಒಂದೆರಡು ಲಕ್ಷ ರೂಪಾಯಿ ಆ ಒಂದು ಅಂಕಿಯ ಮೇಲೆ ನಿಂತಿರುತ್ತದೆ. ಕೆಳದವಡೆಯಲ್ಲಾದರೆ ನರದ ಕೊಳವೆ ಕಾಣುತ್ತದೆ. ಅದಕ್ಕೂ ಇಂಪ್ಲಾಂಟಿನ ತುದಿಗೂ ನಡುವೆ 2 ಎಂಎಂ ಜಾಗ ಬಿಡಲೇಬೇಕು. ನರ ಪೆಟ್ಟು ತಿಂದರೆ ಕೆಳತುಟಿ, ಗದ್ದ ಜೋಮು ಹಿಡಿದಂತೆ ಉಳಿದುಬಿಡಬಹುದು.

ಸಿಬಿಸಿಟಿ ನೋಡದೆ ‘ಮೂಳೆ ಇಲ್ಲ’ ಎಂದವರ ಮಾತನ್ನೂ ನಂಬಬೇಡಿ, ‘ಎಲ್ಲ ಆಗತ್ತೆ’ ಎಂದವರ ಮಾತನ್ನೂ ನಂಬಬೇಡಿ.

ಅಳೆಯಬೇಕಾದ್ದು ಯಾವುದನ್ನು

ಮೂಳೆ ಎಲ್ಲಿ, ಎಷ್ಟು ಅನ್ನೋದು ಮೊದಲನೆಯದು. ಬೇಕಾದ್ದು ಒಂದು ಹಲ್ಲೋ, ಪಕ್ಕಪಕ್ಕದ ಮೂರೋ, ಇಡೀ ಸಾಲೋ ಅನ್ನೋದು ಎರಡನೆಯದು. ಆಮೇಲೆ ಸಮಯ, ದುಡ್ಡು, ಎಷ್ಟು ಸಲ ಕೊಯ್ಯಿಸಿಕೊಳ್ಳುವ ಧೈರ್ಯ ಇದೆ ಅನ್ನೋದು. ಹಾಕಿಸಿಕೊಂಡ ಮೇಲೆ ದಿನಾ ಸ್ವಚ್ಛ ಮಾಡಲು ಕೈಯಲ್ಲಿ ಕಸುವಿದೆಯಾ ಅನ್ನೋದನ್ನು ಯಾರೂ ಕೇಳಲ್ಲ. ಬೆರಳು ಮಡಚಲಾಗದ 75 ವರ್ಷದವರಿಗೆ ಅದೇ ಮುಖ್ಯ ಪ್ರಶ್ನೆ.

ಇವೆಲ್ಲಕ್ಕಿಂತ ನಾನು ಮೇಲೆ ಇಡುವ ಅಳತೆ ಇನ್ನೊಂದಿದೆ: ಇದು ಕೈಕೊಟ್ಟರೆ ಮುಂದೇನು? ಇಂಪ್ಲಾಂಟ್ ಬಹುಪಾಲು ಜನರಲ್ಲಿ ಚೆನ್ನಾಗಿಯೇ ನಿಲ್ಲುತ್ತದೆ. ಆದರೂ ಕೆಲವರಲ್ಲಿ ನಿಲ್ಲಲ್ಲ. ಹಾಗಾದಾಗ ಕೆಲವು ದಾರಿಗಳಲ್ಲಿ ವಾಪಸ್ ಬಂದು ಇನ್ನೊಂದು ಹಿಡಿಯಬಹುದು, ಕೆಲವದರಲ್ಲಿ ಬಾಗಿಲು ಮುಚ್ಚಿಹೋಗುತ್ತದೆ. ಮೂಳೆ ಮೊದಲೇ ಕಡಿಮೆ ಇರುವವರಿಗೆ ಈ ವ್ಯತ್ಯಾಸ ಬೆಲೆಗಿಂತ ದೊಡ್ಡದು.

ದಾರಿ ನೋಡುವ ಮುಂಚೆ ಇನ್ನೊಂದು ಮಾತು. ಮೂಳೆ ಹೋದದ್ದು ವಸಡಿನ ಕಾಯಿಲೆಯಿಂದಾದರೆ ಮೊದಲು ಅದನ್ನು ಗುಣ ಮಾಡಿಕೊಳ್ಳಿ. ಹಲ್ಲಿನ ಸುತ್ತ ಮೂಳೆ ತಿಂದ ಸೋಂಕು ಇಂಪ್ಲಾಂಟ್ ಸುತ್ತಲೂ ತಿನ್ನುತ್ತದೆ. ಟೈಟೇನಿಯಂಗೆ ಹುಳುಕು ಹಿಡಿಯಲ್ಲ, ಅದನ್ನು ಹಿಡಿದ ಮೂಳೆಗೆ ಸೋಂಕು ತಗಲುತ್ತದೆ.

ಮೂಳೆ ಕಟ್ಟಿಸೋದು

ಅಗಲ ಸಾಲದಿದ್ದರೆ ಮೂಳೆ ಪುಡಿ ಹಾಕಿ, ಮೇಲೆ ಒಂದು ಪೊರೆ ಮುಚ್ಚಿ, ವಸಡು ಹೊಲಿಯುತ್ತಾರೆ. ಸ್ವಲ್ಪವೇ ಕೊರತೆ ಇದ್ದರೆ ಇಂಪ್ಲಾಂಟ್ ಕೂರಿಸುವಾಗಲೇ ಇದೂ ಮುಗಿಯುತ್ತದೆ. ಜಾಸ್ತಿ ಕೊರತೆ ಇದ್ದರೆ ಮೊದಲು ಮೂಳೆ, ನಾಲ್ಕರಿಂದ ಆರು ತಿಂಗಳು ಬಿಟ್ಟು ಇಂಪ್ಲಾಂಟ್, ಮತ್ತೆ ಮೂರು ನಾಲ್ಕು ತಿಂಗಳು ಬಿಟ್ಟು ಹಲ್ಲು. ಇನ್ನೂ ದೊಡ್ಡ ಹಳ್ಳವಾದರೆ ಗದ್ದದಿಂದಲೋ ಕೊನೆಯ ದವಡೆ ಹಲ್ಲಿನ ಹಿಂದಿನಿಂದಲೋ ನಿಮ್ಮದೇ ಮೂಳೆಯ ತುಂಡು ತೆಗೆದು ಸ್ಕ್ರೂ ಹಾಕಿ ಕೂರಿಸುತ್ತಾರೆ. ಆಗ ಗಾಯ ಎರಡು ಕಡೆ.

ಇಲ್ಲಿ ತಿಳಿದಿರಬೇಕಾದ್ದು: ಅಗಲ ಕಟ್ಟೋದು ಸುಲಭ, ಎತ್ತರ ಕಟ್ಟೋದು ಕಷ್ಟ. ಕೆಳದವಡೆಯ ಹಿಂಭಾಗದಲ್ಲಿ ಎತ್ತರ ಕಟ್ಟಲು ಹೋದಾಗ ಹೊಲಿಗೆ ಬಿಟ್ಟುಕೊಳ್ಳೋದು, ಪೊರೆ ಹೊರಬರೋದು, ಹಾಕಿದ ಮೂಳೆ ಕರಗಿಹೋಗೋದು ಎಲ್ಲ ಜಾಸ್ತಿ.

ಇನ್ನೊಂದು ವಿಷಯವನ್ನು ಬಹಳ ಕ್ಲಿನಿಕ್‌ಗಳು ಕೇಳದಿದ್ದರೆ ಹೇಳಲ್ಲ. ಎಲ್ಲೆಡೆ ಬಳಸುವ ಮೂಳೆ ಪುಡಿಗಳಲ್ಲಿ ಒಂದು ದನದ ಮೂಳೆಯಿಂದ ಸಂಸ್ಕರಿಸಿದ್ದು. ಮೇಲೆ ಮುಚ್ಚುವ ಪೊರೆಗಳಲ್ಲಿ ಹಂದಿಯ ಕೊಲಾಜನ್‌ನಿಂದ ಮಾಡಿದವೂ ಇವೆ. ದಾನಿಗಳ ಮೂಳೆಯಿಂದ ತಯಾರಾದ ಪುಡಿಯೂ ಸಿಗುತ್ತದೆ. ಯಾರಿಗೆ ಇದು ಒಗ್ಗುತ್ತದೆ, ಯಾರಿಗೆ ಒಗ್ಗಲ್ಲ ಅನ್ನೋದು ಅವರವರ ಮನೆಯ ವಿಷಯ. ಆದರೆ ಗೊತ್ತಿಲ್ಲದೆ ಹಾಕಿಸಿಕೊಂಡು ಆಮೇಲೆ ಬೇಸರ ಪಡಬಾರದಲ್ವಾ? ಬೇಡ ಅನ್ನುವವರಿಗೆ ಕ್ಯಾಲ್ಸಿಯಂ ಫಾಸ್ಫೇಟ್‌ನ ಕೃತಕ ಪುಡಿ ಇದೆ, ನಿಮ್ಮದೇ ಮೂಳೆ ಇದೆ. ಮೊದಲೇ ಹೇಳಿದರೆ ಡಾಕ್ಟರು ಅದಕ್ಕೆ ತಕ್ಕಂತೆ ಯೋಜನೆ ಮಾಡುತ್ತಾರೆ.

ಕೈಕೊಟ್ಟರೆ? ಹಾಕಿದ ಮೂಳೆ ಕರಗಿದರೆ ಸಾಮಾನ್ಯವಾಗಿ ಮೊದಲಿದ್ದ ಜಾಗಕ್ಕೇ ಬರುತ್ತೀರಿ. ದುಡ್ಡು, ಸಮಯ ಹೋಗುತ್ತದೆ, ಬೇರೆ ದಾರಿಗಳು ಉಳಿದಿರುತ್ತವೆ. ಮುಂದಿನ ಹಲ್ಲು ಹೋದ ಕಿರಿಯ ವಯಸ್ಸಿನವರಿಗೆ ನಾನು ಇದನ್ನೇ ಮೊದಲು ನೋಡಿ ಅನ್ನುತ್ತೇನೆ. ನಕ್ಕಾಗ ವಸಡಿನ ಗೆರೆ ಸರಿಯಾಗಿ ಕಾಣಬೇಕಾದರೆ ಅಡಿಯಲ್ಲಿ ಮೂಳೆ ಬೇಕು.

ಸೈನಸ್ ಲಿಫ್ಟ್

ಮೇಲ್ದವಡೆಯ ಹಿಂದಿನ ಹಲ್ಲುಗಳು ಹೋಗಿ ವರ್ಷಗಳಾದರೆ ಸೈನಸ್ ಕೆಳಗೆ ಹಿಗ್ಗುತ್ತದೆ, ಮೂಳೆ ಮೇಲಕ್ಕೆ ಸವೆಯುತ್ತದೆ. ಎರಡೂ ಕಡೆಯಿಂದ ಹೊಡೆತ. ಸೈನಸ್‌ನ ಒಳಪೊರೆ ಮೊಟ್ಟೆ ಚಿಪ್ಪಿನ ಒಳಗಿನ ಪೊರೆಯಷ್ಟೇ ನಾಜೂಕು. ಅದನ್ನು ಹರಿಯದೆ ಮೇಲೆತ್ತಿ ಅಡಿಯಲ್ಲಿ ಮೂಳೆ ಪುಡಿ ತುಂಬುತ್ತಾರೆ.

ಉಳಿದ ಮೂಳೆ ಸುಮಾರು 5 ಎಂಎಂಗಿಂತ ಜಾಸ್ತಿ ಇದ್ದರೆ ಇಂಪ್ಲಾಂಟ್‌ಗೆ ಕೊರೆದ ತೂತಿನಿಂದಲೇ ಪೊರೆ ಎತ್ತಿ, ಅದೇ ದಿನ ಇಂಪ್ಲಾಂಟ್ ಕೂರಿಸಬಹುದು. ಅದಕ್ಕಿಂತ ತೀರಾ ಕಡಿಮೆ ಇದ್ದರೆ ಪಕ್ಕದಿಂದ ಕಿಟಕಿ ಕೊಯ್ಯಬೇಕು, ಆರು ತಿಂಗಳ ಆಸುಪಾಸು ಕಾಯಬೇಕು. ಸರ್ಜರಿ ಆದ ಮೇಲೆ ಎರಡು ವಾರ ಮೂಗು ಸೀಟುವಂತಿಲ್ಲ, ಸೀನು ಬಂದರೆ ಬಾಯಿ ತೆರೆದೇ ಸೀನಬೇಕು. ಮೊದಲೇ ಸೈನಸ್ ತೊಂದರೆ ಇರುವವರು ಕಿವಿ-ಮೂಗು-ಗಂಟಲು ಡಾಕ್ಟರಿಗೆ ತೋರಿಸಿಯೇ ಮುಂದುವರಿಯಬೇಕು.

ಇದು ಹಳೆಯ, ಚೆನ್ನಾಗಿ ಒರೆಗೆ ಹಚ್ಚಿದ ದಾರಿ. 1970ರ ದಶಕದಿಂದ ನಡೆದುಬಂದಿದೆ. ಮೇಲಿನ ಹಿಂಭಾಗದ ಒಂದೆರಡು ಹಲ್ಲಿಗೆ ಇದು ಒಳ್ಳೆಯ ಆಯ್ಕೆ.

ಗಿಡ್ಡ ಇಂಪ್ಲಾಂಟ್

ಸಾಮಾನ್ಯ ಇಂಪ್ಲಾಂಟ್ 8ರಿಂದ 13 ಎಂಎಂ ಉದ್ದ. ಈಗ 6 ಎಂಎಂನವೂ ಸಿಗುತ್ತವೆ. ಕೆಳದವಡೆಯ ಹಿಂಭಾಗದಲ್ಲಿ ನರದ ಮೇಲೆ 8 ಎಂಎಂ ಮೂಳೆ ಇದೆ ಅಂದುಕೊಳ್ಳಿ. ಎತ್ತರ ಕಟ್ಟಿಸುವ ರಗಳೆ ಬೇಡ, 2 ಎಂಎಂ ಬಿಟ್ಟು ಗಿಡ್ಡದ್ದನ್ನೇ ಕೂರಿಸಬಹುದು. ಒಂದೇ ಸರ್ಜರಿ, ತೊಡಕು ಕಡಿಮೆ, ಖರ್ಚೂ ಕಡಿಮೆ. ಕೆಲವು ವರ್ಷಗಳ ಮಟ್ಟಿಗೆ ನೋಡಿದರೆ ಮೂಳೆ ಕಟ್ಟಿ ಹಾಕಿದ ಉದ್ದದವುಗಳಿಗೆ ಹತ್ತಿರ ಹತ್ತಿರ ಸಮನಾಗಿಯೇ ನಿಲ್ಲುತ್ತವೆ.

ಆದರೆ ಅಗಲ ಬೇಕು. 4 ಎಂಎಂ ದಪ್ಪದ ಇಂಪ್ಲಾಂಟ್‌ಗೆ 6 ಎಂಎಂ ಅಗಲದ ಮೂಳೆ ಇಲ್ಲದಿದ್ದರೆ ಎತ್ತರದ ಉಪಾಯ ಕೆಲಸಕ್ಕೆ ಬರಲ್ಲ. ರಾತ್ರಿ ಹಲ್ಲು ಕಡಿಯುವ ಅಭ್ಯಾಸ ಇರುವವರು ಹುಷಾರಾಗಿರಬೇಕು. ಮತ್ತೆ, ಸುತ್ತ 2 ಎಂಎಂ ಮೂಳೆ ಸವೆದರೆ 12 ಎಂಎಂನದಕ್ಕೆ ಅದು ಚಿಲ್ಲರೆ ನಷ್ಟ, 6ರದ್ದಕ್ಕೆ ಮೂರನೇ ಒಂದು ಪಾಲು. ಹಾಗಿದ್ದರೂ ಕೈಕೊಟ್ಟರೆ ತೆಗೆಯೋದು ಸುಲಭ, ಮೂಳೆ ಕಟ್ಟಿಸುವ ದಾರಿ ಆಮೇಲೂ ಇರುತ್ತದೆ. ಒಂದೆರಡು ದವಡೆ ಹಲ್ಲು ಬೇಕಾದ, ಬಜೆಟ್ ನೋಡಿ ನಡೆಯುವ ಮಧ್ಯವಯಸ್ಸಿನವರಿಗೆ ಮೊದಲು ಕೇಳಬೇಕಾದ್ದು ಇದನ್ನೇ. ಡಾಕ್ಟರು ಸಾಧ್ಯವಿಲ್ಲ ಎಂದರೆ ಯಾಕೆ ಎಂದು ಸ್ಕ್ಯಾನ್ ತೋರಿಸಿ ಹೇಳಲಿ.

ಇಡೀ ಸಾಲು ಹೋಗಿದ್ದರೆ

ಇಲ್ಲಿ ಜಾಹೀರಾತು ಜಾಸ್ತಿ, ಗೊಂದಲವೂ ಜಾಸ್ತಿ. ನಾಲ್ಕು ದಾರಿಗಳಿವೆ.

ಮೊದಲನೆಯದು ಆಲ್-ಆನ್-4. ಪೋರ್ಚುಗಲ್‌ನ ಪಾವ್ಲೊ ಮಾಲೊ 1990ರ ದಶಕದಲ್ಲಿ ರೂಢಿಗೆ ತಂದದ್ದು. ಹಿಂಭಾಗದಲ್ಲಿ ಮೂಳೆ ಸವೆದರೂ ಮುಂಭಾಗದಲ್ಲಿ ಸಾಮಾನ್ಯವಾಗಿ ಉಳಿದಿರುತ್ತದೆ. ಅಲ್ಲೇ ನಾಲ್ಕು ಇಂಪ್ಲಾಂಟ್, ಹಿಂದಿನ ಎರಡನ್ನು ಓರೆಯಾಗಿ ಕೂರಿಸಿ ಸೈನಸ್ಸನ್ನೂ ನರವನ್ನೂ ತಪ್ಪಿಸುತ್ತಾರೆ. ಅದೇ ದಿನ ಇಲ್ಲವೇ ಒಂದೆರಡು ದಿನದಲ್ಲಿ ತಾತ್ಕಾಲಿಕ ಹಲ್ಲು, ಕೆಲವು ತಿಂಗಳ ನಂತರ ಪಕ್ಕಾ ಹಲ್ಲು. ನಡುವಿನ ತಿಂಗಳುಗಳಲ್ಲಿ ಮೆತ್ತಗಿನ ಊಟವೇ ಗತಿ. ಖಡಕ್ ರೊಟ್ಟಿ, ಚಕ್ಕುಲಿ ಮರೆತುಬಿಡಬೇಕು. ಮೂಳೆ ಕಟ್ಟಿಸುವ ಕೆಲಸ ತಪ್ಪುತ್ತದೆ ಅನ್ನೋದೇ ಇದರ ದೊಡ್ಡ ಲಾಭ. ನಾಲ್ಕರಲ್ಲಿ ಒಂದು ಹೋದರೆ ಇಡೀ ಸಾಲಿನ ಲೆಕ್ಕ ಏರುಪೇರಾಗುತ್ತದೆ ಅನ್ನೋದು ಕೊರತೆ. ಜಾಗ ಇದ್ದರೆ ಐದೋ ಆರೋ ಹಾಕಿಸಿಕೊಳ್ಳೋದು ಮೇಲು. ಇನ್ನೊಂದು ಎಚ್ಚರಿಕೆ: ಕೆಲವೆಡೆ ‘ಎಲ್ಲ ತೆಗೆದು ಒಟ್ಟಿಗೇ ಹಾಕೋಣ’ ಎಂದು ಉಳಿಸಬಹುದಾದ ಗಟ್ಟಿ ಹಲ್ಲನ್ನೂ ಕೀಳುತ್ತಾರೆ. ಅಲುಗದ ಹಲ್ಲು ಕೀಳುವ ಮಾತು ಬಂದರೆ ಎದ್ದು ಬಂದು ಇನ್ನೊಬ್ಬರನ್ನು ಕೇಳಿ.

ಮೇಲ್ದವಡೆಯ ಮುಂಭಾಗದಲ್ಲೂ ಮೂಳೆ ಇಲ್ಲದವರಿಗೆ ಜೈಗೊಮ್ಯಾಟಿಕ್ ಇಂಪ್ಲಾಂಟ್. ಇದು ಕೆನ್ನೆಯ ಮೂಳೆಯನ್ನು ಹಿಡಿಯುತ್ತದೆ, ಉದ್ದ 30ರಿಂದ 50 ಎಂಎಂ. ಟೈಟೇನಿಯಂ ಮೂಳೆಗೆ ಬೆಸೆಯುತ್ತದೆ ಎಂದು ತೋರಿಸಿ 1965ರಲ್ಲಿ ಮೊದಲ ರೋಗಿಗೆ ಇಂಪ್ಲಾಂಟ್ ಹಾಕಿದ ಸ್ವೀಡನ್ನಿನ ಬ್ರೋನೆಮಾರ್ಕ್ ಅವರೇ ಇದನ್ನೂ ಶುರು ಮಾಡಿದ್ದು. ಶುರುವಿನಲ್ಲಿ ಬಳಸಿದ್ದು ಕ್ಯಾನ್ಸರ್ ಮುಂತಾದ ಕಾರಣಕ್ಕೆ ದವಡೆ ಕಳೆದುಕೊಂಡವರಿಗೂ ಸೇರಿ. ನುರಿತ ಕೈಗಳಲ್ಲಿ ಫಲಿತಾಂಶ ಬಹಳ ಚೆನ್ನಾಗಿದೆ. ಆದರೆ ಕಣ್ಣಿನ ಗೂಡಿನ ಹತ್ತಿರ ನಡೆಯುವ ಕೆಲಸ ಇದು, ಆಮೇಲೆ ಸೈನಸ್ ಸೋಂಕು ಕಾಡಬಹುದು. ಪೂರ್ತಿ ಅರಿವಳಿಕೆ ಇಲ್ಲವೇ ಮಂಪರು ಬೇಕು. ದವಡೆ-ಮುಖದ ಸರ್ಜನ್ ಮಾಡಬೇಕಾದ್ದು. ‘ಇದನ್ನು ನೀವು ವರ್ಷಕ್ಕೆ ಎಷ್ಟು ಮಾಡ್ತೀರಿ?’ ಎಂದು ಕೇಳಲು ಸಂಕೋಚ ಬೇಡ. ಕೈಕೊಟ್ಟರೆ ಸರಿಪಡಿಸೋದು ಕಷ್ಟ. ಬೇರೆ ದಾರಿ ಇಲ್ಲದವರಿಗೆ ವರ, ಇರುವವರಿಗೆ ಅತಿಯಾಯಿತು.

‘ಮೂರು ದಿನದ ಹಲ್ಲು’ ಸಾಮಾನ್ಯವಾಗಿ ಬೇಸಲ್ ಇಂಪ್ಲಾಂಟ್. ಒಂದೇ ತುಂಡಿನ ಉದ್ದ ಸ್ಕ್ರೂಗಳು, ದವಡೆಯ ಆಳದ ಗಟ್ಟಿ ಪದರವನ್ನು ಕಚ್ಚಿ ನಿಲ್ಲುತ್ತವೆ. ಮೂಳೆ ಕಟ್ಟೋದು ಬೇಡ, ಕಾಯೋದು ಬೇಡ, ಹಾಗಾಗಿ ಮನಸ್ಸು ಸೋಲುತ್ತದೆ. ಇದನ್ನೇ ಮಾಡಿಸಿಕೊಂಡು ಸುಖವಾಗಿರುವವರೂ ಇದ್ದಾರೆ. ಆದರೆ ಸಾಮಾನ್ಯ ಇಂಪ್ಲಾಂಟ್‌ಗೆ ಇರುವಷ್ಟು ದೀರ್ಘಕಾಲದ, ಹೊರಗಿನವರು ಪರೀಕ್ಷಿಸಿದ ಪುರಾವೆ ಇದಕ್ಕಿಲ್ಲ. ಮೇಲಿನ ಹಲ್ಲು ಬಿಚ್ಚಿ ಒಂದನ್ನು ಮಾತ್ರ ಸರಿಪಡಿಸೋದು ಸುಲಭವಲ್ಲ. ಬೇರೆ ಊರಿನ ಡಾಕ್ಟರು ಇದನ್ನು ಮುಟ್ಟಲು ಒಪ್ಪದಿರಬಹುದು. ಹೊರಬರುವ ಬಾಗಿಲು ತೀರಾ ಚಿಕ್ಕದು. ನನ್ನ ಪಟ್ಟಿಯಲ್ಲಿ ಇದು ಕೆಳಗಿದೆ.

ನಾಲ್ಕನೆಯದಕ್ಕೆ ದೊಡ್ಡ ಬೋರ್ಡು ಯಾರೂ ಹಾಕಲ್ಲ, ಲಾಭ ಕಡಿಮೆ ಅಲ್ವಾ. ಕೆಳದವಡೆಯ ಮುಂಭಾಗದಲ್ಲಿ ಎರಡೇ ಇಂಪ್ಲಾಂಟ್, ಅದರ ಮೇಲೆ ಗುಂಡಿ ಒತ್ತಿದ ಹಾಗೆ ‘ಟಕ್’ ಎಂದು ಕೂರುವ, ತೆಗೆದು ಹಾಕಬಹುದಾದ ಸೆಟ್. 2002ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಸೇರಿದ್ದ ತಜ್ಞರು, ಹಲ್ಲೇ ಇಲ್ಲದ ಕೆಳದವಡೆಗೆ ಬರೀ ಸೆಟ್ ಅಲ್ಲ, ಇದೇ ಮೊದಲ ಆಯ್ಕೆಯಾಗಬೇಕು ಎಂದು ಹೇಳಿದ್ದರು. ಮೂಳೆ ಬಹಳ ಸವೆದ ದವಡೆಯಲ್ಲೂ ಮುಂಭಾಗದಲ್ಲಿ ಎರಡಕ್ಕೆ ಜಾಗ ಹೆಚ್ಚಾಗಿ ಸಿಗುತ್ತದೆ. ರಾತ್ರಿ ಸೆಟ್ ತೆಗೆದು ತೊಳೆದರೆ ಸಾಕು, ಸೊಸೆಯೋ ಮಗಳೋ ಸಹಾಯ ಮಾಡಬಹುದು. ಒಳಗಿನ ಸಣ್ಣ ನೈಲಾನ್ ಉಂಗುರ ಸವೆದಾಗ ಬದಲಿಸಬೇಕು, ಅದು ಚಿಕ್ಕ ಖರ್ಚು. ಒಂದು ಇಂಪ್ಲಾಂಟ್ ಹೋದರೂ ಪಕ್ಕದಲ್ಲಿ ಇನ್ನೊಂದು ಹಾಕಬಹುದು, ಅಲ್ಲಿಯವರೆಗೆ ಸೆಟ್ ಸೆಟ್ಟಾಗಿಯೇ ನಡೆಯುತ್ತದೆ. ಮುದ್ದೆ ನುಂಗುವ ಕಡೆಯ ಅಜ್ಜಂದಿರು ಬರೀ ಸೆಟ್‌ನಲ್ಲೇ ಕಾಲ ಹಾಕಿಬಿಡುತ್ತಾರೆ. ಜೋಳದ ರೊಟ್ಟಿ ಅಗಿಯುವ ಕಡೆಯವರಿಗೆ ಈ ಎರಡು ಇಂಪ್ಲಾಂಟ್ ತರುವ ಬದಲಾವಣೆ ದೊಡ್ಡದು. 70 ದಾಟಿದ ಅಪ್ಪ ಅಮ್ಮನಿಗೆ ಏನು ಮಾಡಿಸಲಿ ಎಂದು ಕೇಳುವ ಮಕ್ಕಳಿಗೆ ನನ್ನ ಉತ್ತರ ಹೆಚ್ಚಿನ ಸಲ ಇದೇ.

ಇಂಪ್ಲಾಂಟೇ ಬೇಡ ಅನ್ನುವ ದಾರಿ

ಇದೂ ದಾರಿಯೇ. ಒಂದೇ ಹಲ್ಲು ಹೋಗಿದೆ, ಅಕ್ಕಪಕ್ಕದ ಹಲ್ಲಿಗೆ ಹೇಗೂ ಕ್ಯಾಪ್ ಬೇಕಾಗಿದೆ ಅಂದರೆ ಬ್ರಿಡ್ಜ್ ಸಾಕು, ಅಂದರೆ ಅಕ್ಕಪಕ್ಕದ ಹಲ್ಲನ್ನು ಉಜ್ಜಿ ಅವುಗಳ ಆಸರೆಯಲ್ಲಿ ಕೂರಿಸುವ ಹಲ್ಲು. ಮೂಳೆ ಎಷ್ಟಿದೆ ಅನ್ನೋದು ಅಲ್ಲಿ ಅಷ್ಟು ಮುಖ್ಯವಲ್ಲ. ಅಕ್ಕಪಕ್ಕದ ಹಲ್ಲು ಗಟ್ಟಿಮುಟ್ಟಾಗಿದ್ದರೆ ಮಾತ್ರ ಸುಮ್ನೆ ಅವನ್ನು ಉಜ್ಜಿಸೋದು ನಷ್ಟ. ಬಿಪಿಎಲ್ ಕಾರ್ಡಿನ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ ಕೊಡಲು ಕರ್ನಾಟಕ ಸರ್ಕಾರ ‘ದಂತ ಭಾಗ್ಯ’ ಯೋಜನೆ ತಂದಿತ್ತು. ಈಗ ಏನು ಸಿಗುತ್ತದೆ ಎಂದು ಹತ್ತಿರದ ಸರ್ಕಾರಿ ಆಸ್ಪತ್ರೆಯ ದಂತ ವಿಭಾಗದಲ್ಲಿ ಕೇಳಿ.

ದೇಹ ಒಪ್ಪಬೇಕು

ಶುಗರ್ ಇದ್ದರೆ ಇಂಪ್ಲಾಂಟ್ ಆಗಲ್ಲ ಅನ್ನೋದು ತಪ್ಪು. ಹತೋಟಿಯಲ್ಲಿ ಇಲ್ಲದಿದ್ದರೆ ಆಗಲ್ಲ. ಮೂರು ತಿಂಗಳ ಸರಾಸರಿ, ಅಂದರೆ ಎಚ್‌ಬಿಎ1ಸಿ, 7ರ ಆಸುಪಾಸಿಗೆ ತಂದುಕೊಂಡು ಹೋಗಿ. ಬೀಡಿ ಸಿಗರೇಟು ಸೇದುವವರಲ್ಲಿ ಇಂಪ್ಲಾಂಟ್ ಸೋಲೋದು ಜಾಸ್ತಿ, ಕಟ್ಟಿಸಿದ ಮೂಳೆಗೂ ಅದು ಶತ್ರು. ಗುಟ್ಕಾ, ಅಡಿಕೆ ಅಗಿಯುವವರಲ್ಲಿ ಇನ್ನೊಂದು ತೊಡಕು: ಕೆನ್ನೆ ಒಳಗೆ ಬಿಗಿದುಕೊಂಡು ಬಾಯಿ ತೆರೆಯೋದೇ ಕಷ್ಟವಾಗುತ್ತದೆ. ನಿಮ್ಮ ಮೂರು ಬೆರಳನ್ನು ಒಂದರ ಮೇಲೊಂದಿಟ್ಟು ಬಾಯಿಯೊಳಗೆ ತೂರಿಸಿ ನೋಡಿ. ಹೋಗದಿದ್ದರೆ ಹಿಂಭಾಗದ ಇಂಪ್ಲಾಂಟ್, ಜೈಗೊಮ್ಯಾಟಿಕ್ ಎಲ್ಲ ಕಷ್ಟ. ಮೊದಲು ಬಾಯಿ ಬಿಗಿತಕ್ಕೆ ಚಿಕಿತ್ಸೆ ಆಗಬೇಕು.

ಮೂಳೆ ಟೊಳ್ಳಾಗಿದೆ ಎಂದು ವಾರಕ್ಕೊಂದು ಅಲೆಂಡ್ರೊನೇಟ್ ಮಾತ್ರೆ, ವರ್ಷಕ್ಕೊಂದು ಜೊಲೆಡ್ರೊನಿಕ್ ಇಂಜೆಕ್ಷನ್, ಆರು ತಿಂಗಳಿಗೊಂದು ಡೆನೊಸುಮಾಬ್ ತಗೊಳ್ಳುವ ಹೆಂಗಸರು ಬಹಳ ಜನ. ದಂತ ವೈದ್ಯರಿಗೆ ಇದನ್ನು ಹೇಳಲೇಬೇಕು. ಅಪರೂಪಕ್ಕಾದರೂ ದವಡೆ ಮೂಳೆ ಸತ್ತುಹೋಗುವ ಅಪಾಯ ಇದೆ, ಕ್ಯಾನ್ಸರ್‌ಗೆ ಕೊಡುವ ದೊಡ್ಡ ಡೋಸ್‌ಗಳಲ್ಲಿ ಜಾಸ್ತಿ. ಹಾಗಂತ ನೀವೇ ನಿಲ್ಲಿಸಬೇಡಿ. ಡೆನೊಸುಮಾಬ್ ಥಟ್ಟನೆ ಬಿಟ್ಟರೆ ಬೆನ್ನುಮೂಳೆ ಮುರಿಯುವ ಅಪಾಯ ಏರುತ್ತದೆ. ರಕ್ತ ತೆಳು ಮಾಡುವ ಮಾತ್ರೆಗೂ ಇದೇ ಮಾತು. ದಂತ ವೈದ್ಯರೂ ಆ ಔಷಧಿ ಬರೆದುಕೊಟ್ಟ ಡಾಕ್ಟರೂ ಪರಸ್ಪರ ಮಾತಾಡಲಿ.

ದುಡ್ಡು, ರಜೆ, ಕಾಗದ

ಬೆಂಗಳೂರಿನ ಖಾಸಗಿ ಕ್ಲಿನಿಕ್‌ಗಳಲ್ಲಿ ಮೇಲಿನ ಹಲ್ಲೂ ಸೇರಿ ಒಂದು ಇಂಪ್ಲಾಂಟ್‌ಗೆ ಅಂದಾಜು 25 ಸಾವಿರದಿಂದ 60 ಸಾವಿರ ಹೇಳುತ್ತಾರೆ. ಮೂಳೆ ಕಟ್ಟೋದಕ್ಕೆ, ಸೈನಸ್ ಲಿಫ್ಟ್‌ಗೆ ಅದರ ಮೇಲೆ ಬೇರೆ. ಎರಡು ಇಂಪ್ಲಾಂಟ್‌ನ ಸೆಟ್ ಒಂದು ಲಕ್ಷದ ಆಚೀಚೆ, ಆಲ್-ಆನ್-4 ಒಂದು ದವಡೆಗೆ ಎರಡು ಲಕ್ಷದಿಂದ ಮೇಲೆ, ಜೈಗೊಮ್ಯಾಟಿಕ್ ಅದಕ್ಕಿಂತ ಸಾಕಷ್ಟು ಮೇಲೆ. ಡೆಂಟಲ್ ಕಾಲೇಜುಗಳಲ್ಲಿ ಗಣನೀಯವಾಗಿ ಕಡಿಮೆ. ಬೆಂಗಳೂರಿನ ಸರ್ಕಾರಿ ಕಾಲೇಜು ಇದೆ, ಧಾರವಾಡ, ದಾವಣಗೆರೆ, ಮಂಗಳೂರು, ಮೈಸೂರು, ಬೆಳಗಾವಿ ಎಲ್ಲ ಕಡೆ ಕಾಲೇಜುಗಳಿವೆ. ಸ್ನಾತಕೋತ್ತರ ವಿದ್ಯಾರ್ಥಿಗಳು ಹಿರಿಯರ ಕಣ್ಣೆದುರು ಮಾಡುತ್ತಾರೆ. ನಿಧಾನ, ಓಡಾಟ ಜಾಸ್ತಿ, ಆದರೆ ಅವಸರದ ವ್ಯಾಪಾರ ಇರಲ್ಲ. ಆರೋಗ್ಯ ವಿಮೆ ಅಪಘಾತದ ಹೊರತು ಸಾಮಾನ್ಯವಾಗಿ ಹಲ್ಲಿಗೆ ಕೊಡಲ್ಲ.

ದುಬೈ, ಅಮೆರಿಕದಿಂದ ರಜೆಗೆ ಬಂದು ಮಾಡಿಸಿಕೊಳ್ಳುವ ನಮ್ಮವರು ಕ್ಯಾಲೆಂಡರ್ ನೋಡಿಯೇ ದಾರಿ ಆರಿಸುತ್ತಾರೆ. ಮೂರು ವಾರ ರಜೆ ಇದೆ ಎಂದು ಮೂರು ದಿನದ ಹಲ್ಲಿಗೆ ಹೋಗೋದಕ್ಕಿಂತ, ಈ ಸಲ ಮೂಳೆ, ಮುಂದಿನ ಸಲ ಇಂಪ್ಲಾಂಟ್, ಅದರ ಮುಂದಿನ ಸಲ ಹಲ್ಲು ಎಂದು ಹಂಚಿಕೊಳ್ಳಿ. ನಡುವೆ ತೊಂದರೆಯಾದರೆ ಅಲ್ಲಿನ ಡಾಕ್ಟರು ನೋಡಬೇಕಾಗುತ್ತದೆ. ಆದ್ದರಿಂದ ಎಲ್ಲ ಕಡೆ ಬಿಡಿಭಾಗ ಸಿಗುವ ಕಂಪನಿಯ ಇಂಪ್ಲಾಂಟೇ ಇರಲಿ.

ಊರಲ್ಲೇ ಇರುವವರಿಗೂ ಇದು ಬೇಕು: ಇಂಪ್ಲಾಂಟ್ ಡಬ್ಬಿಯ ಮೇಲೆ ಕಂಪನಿ, ಅಳತೆ, ಬ್ಯಾಚ್ ನಂಬರ್ ಇರುವ ಸ್ಟಿಕ್ಕರ್ ಬರುತ್ತದೆ. ಅದನ್ನು ನಿಮ್ಮ ಫೈಲಿಗೆ ಅಂಟಿಸಿಕೊಡಿ ಅನ್ನಿ. ಸಿಬಿಸಿಟಿಯ ಮೂಲ ಫೈಲನ್ನು ಪೆನ್‌ಡ್ರೈವ್‌ನಲ್ಲಿ ತಗೊಳ್ಳಿ, ಬರೀ ಪ್ರಿಂಟ್ ಸಾಲದು. ಮೂಳೆ ಪುಡಿ ಯಾವುದು, ತಾತ್ಕಾಲಿಕ ಹಲ್ಲಿನ ದುಡ್ಡು ಸೇರಿದೆಯಾ, ಪಕ್ಕಾ ಹಲ್ಲು ಯಾವ ವಸ್ತುವಿನದು ಎಂದು ಎಸ್ಟಿಮೇಟ್‌ನಲ್ಲಿ ಬರೆಸಿ. ಕೊನೆಯ ಸಾಲಿನಲ್ಲಿ, ಒಂದು ವರ್ಷದೊಳಗೆ ಇಂಪ್ಲಾಂಟ್ ಬಿದ್ದರೆ ಮತ್ತೆ ಹಾಕಲು ಯಾರ ದುಡ್ಡು, ಮೂಳೆ ಮತ್ತೆ ಕಟ್ಟಬೇಕಾದರೆ ಯಾರ ದುಡ್ಡು ಎಂದೂ ಬರೆಸಿ. ಆ ಸಾಲು ಬರೆಯಲು ಹಿಂದೆಮುಂದೆ ನೋಡುವ ಕ್ಲಿನಿಕ್‌ನಲ್ಲಿ ಅಡ್ವಾನ್ಸ್ ಕಟ್ಟಬೇಡಿ.